ಟ್ಯಾಂಕಿನ ಲೋಳೆಗೂ ಅಮೀಬಾಗೂ ಏನು ಸಂಬಂಧ? ಬ್ಲೀಚಿಂಗ್ ಪೌಡರ್ ಹಾಕಿದ್ರೆ ಸಾಕಾ?

ಪ್ರಶ್ನೆ: ಸರ್, ಮೊನ್ನೆ ನಮ್ಮನೆ ಓವರ್‌ಹೆಡ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ರೆ ಒಳಗೋಡೆ ಪೂರ್ತಿ ಜಾರೋ ತರ ಲೋಳೆ ಕಟ್ಕೊಂಡಿತ್ತು. ಕೇರಳದ ಮೆದುಳು ತಿನ್ನೋ ಅಮೀಬಾ ಸುದ್ದಿ ಓದಿದಾಗಿಂದ ಭಯ ಆಗ್ತಿದೆ. ಮಗಳು ಕಾಂಟ್ಯಾಕ್ಟ್ ಲೆನ್ಸ್ ಹಾಕ್ತಾಳೆ, ನಾನು ದಿನಾ ಬೆಳಗ್ಗೆ ಜಲನೇತಿ ಮಾಡ್ತೀನಿ, ನಮ್ಮ ಯಜಮಾನ್ರು ಹಳೇ ಅಮೀಬಿಯಾಸಿಸ್ ಅಂತ ಆಗಾಗ ಮಾತ್ರೆ ನುಂಗ್ತಾ ಇರ್ತಾರೆ. ಲೋಳೆ ಬ್ಯಾಕ್ಟೀರಿಯಾದ್ದು ಅಂತಾರೆ, ಅಮೀಬಾ ಬೇರೆ ಜೀವಿ ಅಂತಾರೆ, ಹಾಗಿದ್ರೆ ಇವೆರಡಕ್ಕೂ ಏನು ಸಂಬಂಧ? ಬ್ಲೀಚಿಂಗ್ ಪೌಡರ್ ಹಾಕಿದ್ರೆ ಸಾಕಾ?

ಉತ್ತರ: ಮೇಡಂ, ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ಬಿಡ್ತೀನಿ. ಸಾಕಾಗಲ್ಲ. ಲೋಳೇನ ಹಾಗೇ ಬಿಟ್ಟು ಮೇಲಿಂದ ಬ್ಲೀಚಿಂಗ್ ಪೌಡರ್ ಸುರಿದ್ರೆ ನೀರು ಚೊಕ್ಕ ಆದಂಗೆ ಕಾಣತ್ತೆ, ಒಂದೆರಡು ದಿನ ಕ್ಲೋರಿನ್ ವಾಸನೇನೂ ಬರತ್ತೆ, ಆದ್ರೆ ನೀವು ಭಯ ಪಡ್ತಿರೋ ಜೀವಿ ಹೆಚ್ಚಾಗಿ ಇರೋದು ಆ ಗೋಡೆಗೆ ಅಂಟಿರೋ ಲೋಳೆಯಲ್ಲಿ, ತಳದಲ್ಲಿ ಕೂತಿರೋ ಗಸಿಯಲ್ಲಿ. ನಮ್ಮಲ್ಲಿ ನೀರು ಟೆಸ್ಟ್ ಮಾಡಿಸೋರೆಲ್ಲ ಬಾಟಲಿ ತುಂಬಾ ನೀರು ಹಿಡ್ಕೊಂಡು ಲ್ಯಾಬಿಗೆ ಹೋಗ್ತಾರೆ, ಗೋಡೆ ಕೆರೆದು ಒಂದು ಚೂರು ಲೋಳೆ ಕೊಡೋರು ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ರಿಪೋರ್ಟ್ ಚೆನ್ನಾಗಿ ಬಂದ್ರೂ ಅದು ಅರ್ಧ ಕಥೆ ಮಾತ್ರ. ನೀವು ಟ್ಯಾಂಕಿನ ಗೋಡೆ ನೋಡಿ ಈ ಪ್ರಶ್ನೆ ಕೇಳಿದೀರಲ್ಲ, ನೋಡಬೇಕಾದ ಜಾಗಾನೇ ನೋಡಿದೀರಿ.

ಆ ಲೋಳೆ ಏನು ಅಂತ ಮೊದಲು ಹೇಳ್ತೀನಿ. ನೀರಲ್ಲಿರೋ ಬ್ಯಾಕ್ಟೀರಿಯಾ ಒಂಟಿಯಾಗಿ ಈಜಾಡ್ಕೊಂಡು ಇರೋದಕ್ಕಿಂತ ಯಾವುದಾದ್ರೂ ಮೈಗೆ ಅಂಟ್ಕೊಂಡು ಗುಂಪಾಗಿ ಇರೋದನ್ನೇ ಹೆಚ್ಚು ಇಷ್ಟ ಪಡ್ತವೆ. ಟ್ಯಾಂಕಿನ ಪ್ಲಾಸ್ಟಿಕ್ ಇರ್ಲಿ, ಕಬ್ಬಿಣದ ಪೈಪ್ ಇರ್ಲಿ, ಹಲ್ಲಿರ್ಲಿ, ಕರುಳಿನ ಒಳಪದರ ಇರ್ಲಿ, ಅಂಟಿದ ಮೇಲೆ ಸಕ್ಕರೆ ಜಾತಿಯ ಉದ್ದುದ್ದ ಅಣುಗಳು, ಪ್ರೋಟೀನು, ಸತ್ತ ಜೀವಕೋಶಗಳಿಂದ ಹೊರಗೆ ಬಿದ್ದ ಡಿಎನ್ಎ, ಇವನ್ನೆಲ್ಲ ಸೇರಿಸ್ಕೊಂಡು ತಮ್ಮ ಸುತ್ತ ಒಂದು ಅಂಟಂಟು ಪದರ ಕಟ್ಕೋತವೆ. ಇದಕ್ಕೆ ಬಯೋಫಿಲ್ಮ್ ಅಂತಾರೆ. 1978ರ ಹೊತ್ತಿಗೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬಿಲ್ ಕಾಸ್ಟರ್ಟನ್ ಮತ್ತವರ ಜೊತೆಗಾರರು ಇದನ್ನ ಗಟ್ಟಿಯಾಗಿ ಹೇಳೋಕೆ ಶುರು ಮಾಡಿದ್ರು, ಅಲ್ಲಿವರೆಗೂ ಲ್ಯಾಬಿನ ಸೀಸೆಯಲ್ಲಿ ಈಜಾಡೋ ಬ್ಯಾಕ್ಟೀರಿಯಾ ನೋಡೇ ನಾವು ಔಷಧಿ ಡೋಸು, ಕ್ಲೋರಿನ್ ಡೋಸು ಎಲ್ಲಾ ಲೆಕ್ಕ ಹಾಕ್ತಿದ್ವಿ. ಅದೇ ಬ್ಯಾಕ್ಟೀರಿಯಾ ಬಯೋಫಿಲ್ಮ್ ಒಳಗಿದ್ರೆ ಕೆಲವು ಆಂಟಿಬಯೋಟಿಕ್‌ಗಳು ನೂರು ಪಟ್ಟು, ಸಾವಿರ ಪಟ್ಟು ಜಾಸ್ತಿ ಬೇಕಾಗತ್ತೆ. ಒಂದು ತಂಬಿಗೇಲಿ ಎರಡು ದಿನ ನೀರು ಹಾಗೇ ಇಟ್ಟು ಒಳಗೆ ಬೆರಳು ಆಡಿಸಿ ನೋಡಿ, ಜಾರತ್ತೆ, ಶುರುವಾಗೋದು ಅಷ್ಟು ಬೇಗ.

ಈಗ ಅಮೀಬಾ ಕಥೆಗೆ ಬರೋಣ. ಕಣ್ಣಿಗೆ ಕಾಯಿಲೆ ತರೋ ಅಕಾಂತಮೀಬಾ, ಮೆದುಳು ತಿನ್ನೋ ನೆಗ್ಲೇರಿಯಾ ಇವೆಲ್ಲ ಮೂಲತಃ ಮಣ್ಣು, ನೀರಲ್ಲಿ ಸ್ವತಂತ್ರವಾಗಿ ಬದುಕೋ ಏಕಕೋಶ ಜೀವಿಗಳು. ಇವಕ್ಕೆ ಬದುಕೋಕೆ ಮನುಷ್ಯ ಬೇಕಾಗೇ ಇಲ್ಲ, ಬೇಕಾಗಿರೋದು ಬ್ಯಾಕ್ಟೀರಿಯಾ. ಗಂಟೆಗಟ್ಟಲೆ ಬ್ಯಾಕ್ಟೀರಿಯಾ ನುಂಗೋದೇ ಇವುಗಳ ಕೆಲಸ. ನೀರಲ್ಲಿ ಚದುರಿ ಹೋಗಿರೋ ಬ್ಯಾಕ್ಟೀರಿಯಾನ ಒಂದೊಂದೇ ಹುಡುಕ್ಕೊಂಡು ಹೋಗೋದು ಅಮೀಬಾಗೆ ಕಷ್ಟ, ಅದು ಈಜೋ ಪ್ರಾಣಿಗಿಂತ ತೆವಳೋ ಪ್ರಾಣಿ, ಹಾಗಾಗಿ ಒಂದೇ ಕಡೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಒತ್ತೊತ್ತಾಗಿ ಕೂತಿರೋ ಲೋಳೆ ಸಿಕ್ಕಿದ್ರೆ ಅಲ್ಲೇ ಸಂಸಾರ ಹೂಡತ್ತೆ. ಕಣ್ಣಿನ ಲ್ಯಾಬಲ್ಲಿ ನಾವು ಅಕಾಂತಮೀಬಾ ಇದೆಯಾ ಅಂತ ಪರೀಕ್ಷೆ ಮಾಡೋದೂ ಇದೇ ಗುಣ ನಂಬ್ಕೊಂಡೇ. ಪೋಷಕಾಂಶ ಏನೂ ಹಾಕದೇ ಇರೋ ಅಗರ್ ತಟ್ಟೆ ಮೇಲೆ ಇ-ಕೋಲೈ ಬ್ಯಾಕ್ಟೀರಿಯಾನ ತೆಳ್ಳಗೆ ಸವರಿ, ಕಣ್ಣಿಂದ ಕೆರೆದು ತೆಗೆದ ಸ್ಯಾಂಪಲ್ ಮಧ್ಯೆ ಇಡ್ತೀವಿ, ಅಮೀಬಾ ಇದ್ರೆ ಬ್ಯಾಕ್ಟೀರಿಯಾ ತಿಂತಾ ತಿಂತಾ ಹೋದ ದಾರಿ ಮೈಕ್ರೋಸ್ಕೋಪಲ್ಲಿ ಗೆರೆ ಎಳೆದಂಗೆ ಕಾಣತ್ತೆ.

ಆಹಾರ ಮುಗಿದ್ರೆ, ಒಣಗಿದ್ರೆ, ಕ್ಲೋರಿನ್ ತಾಗಿದ್ರೆ ಅಕಾಂತಮೀಬಾ ತನ್ನ ಸುತ್ತ ಎರಡು ಪದರದ ಗಟ್ಟಿ ಗೋಡೆ ಕಟ್ಕೊಂಡು ಸಿಸ್ಟ್ ಆಗಿಬಿಡತ್ತೆ. 20 ವರ್ಷಕ್ಕಿಂತ ಹೆಚ್ಚು ಕಾಲ ಒಣಗಿಸಿಟ್ಟಿದ್ದ ಸಿಸ್ಟ್‌ಗಳು ಆಹಾರ ಕೊಟ್ಟ ತಕ್ಷಣ ಎದ್ದು ಕೂತಿರೋ ದಾಖಲೆ ಇದೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, "ಟ್ಯಾಂಕು ಖಾಲಿ ಮಾಡಿ ಒಂದು ದಿನ ಬಿಸಿಲಿಗೆ ಬಿಟ್ವಿ, ಎಲ್ಲಾ ಸತ್ತೋಯ್ತು" ಅಂತ ತುಂಬಾ ಜನ ನಂಬಿರ್ತಾರೆ.

ಕ್ಲೋರಿನ್ ವಿಷಯಕ್ಕೆ ಬಂದ್ರೆ, ಒಂದು ಪ್ರಯೋಗ ನನಗೆ ಬಹಳ ಮುಖ್ಯ ಅನ್ಸತ್ತೆ. ಆಸ್ಟ್ರೇಲಿಯಾದಲ್ಲಿ ದೂರದೂರದ ಊರುಗಳಿಗೆ ನೀರು ನೂರಾರು ಕಿಲೋಮೀಟರ್ ನೆಲದ ಮೇಲೆ ಹಾಸಿರೋ ಪೈಪಲ್ಲಿ ಹೋಗತ್ತೆ, ಬಿಸಿಲಿಗೆ ಪೈಪು ಕಾದು ಒಳಗಡೆ ನೀರು ಬೆಚ್ಚಗಾಗತ್ತೆ, ನೆಗ್ಲೇರಿಯಾ ಫೌಲೇರಿಗೆ ಬೇಕಾಗಿರೋದು ಸರಿಯಾಗಿ ಅಂಥಾ ನೀರೇ, 45 ಡಿಗ್ರಿವರೆಗೂ ಅದು ಆರಾಮಾಗಿ ಬೆಳೆಯತ್ತೆ. ಇದು ತರೋ ಮೆದುಳಿನ ಕಾಯಿಲೇನ ಮೊದಲು ವರದಿ ಮಾಡಿದ್ದೂ ಅಲ್ಲೇ, 1965ರಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಮಾಲ್ಕಮ್ ಫೌಲರ್ ಅನ್ನೋ ವೈದ್ಯರು ಮತ್ತು ಅವರ ಸಹೋದ್ಯೋಗಿ, ಆ ಜೀವಿಗೆ ಅವರ ಹೆಸರೇ ಬಂದಿದೆ. ಅದೇ ದೇಶದ ಸಂಶೋಧಕರು 2015ರಲ್ಲಿ ಪೈಪಿನ ಲೋಳೆಯಲ್ಲಿದ್ದ ನೆಗ್ಲೇರಿಯಾಗೆ ಕ್ಲೋರಿನ್ ಕೊಟ್ಟು ನೋಡಿದ್ರು. ಸಾಮಾನ್ಯವಾಗಿ ಲೀಟರಿಗೆ 0.5ರಿಂದ 1 ಮಿಲಿಗ್ರಾಂ ಕ್ಲೋರಿನ್ ಇದ್ರೆ ಇದರ ಕಾಟ ಇರಲ್ಲ ಅಂತ ಲೆಕ್ಕ, ಲೋಳೆಯೊಳಗಿದ್ದ ಅಮೀಬಾ 20 ಮಿಲಿಗ್ರಾಂ ಕ್ಲೋರಿನ್‌ನ ಮೂರು ಗಂಟೆ ತಡ್ಕೊಂಡು ಬದುಕ್ತು. ನಮ್ಮ ದೇಶದ ಕುಡಿಯೋ ನೀರಿನ ಮಾನದಂಡ ನಲ್ಲಿ ತುದಿಯಲ್ಲಿ ಉಳಿದಿರಬೇಕು ಅನ್ನೋ ಕ್ಲೋರಿನ್ ಕನಿಷ್ಠ 0.2 ಮಿಲಿಗ್ರಾಂ. ಲೋಳೆಯೊಳಗಿನ ಅಮೀಬಾ ಹೀಗೆ ಉಳಿಯೋಕೆ ಕಾರಣ ಏನಪ್ಪಾ ಅಂದ್ರೆ ಕ್ಲೋರಿನ್ ಸಿಕ್ಕಿದ ಸಾವಯವ ವಸ್ತು ಜೊತೆಗೆಲ್ಲ ರಿಯಾಕ್ಟ್ ಆಗ್ತಾ ಹೋಗತ್ತೆ, ಲೋಳೆಯ ಮೇಲ್ಪದರಾನೇ ಅದನ್ನ ಪೂರ್ತಿ ಕುಡಿದುಬಿಡತ್ತೆ, ಒಳಗಿರೋರಿಗೆ ತಲುಪೋಕೆ ಏನೂ ಉಳಿದಿರಲ್ಲ. ಹೀಗೆ ಬ್ಯಾಕ್ಟೀರಿಯಾ ತಮಗೆ ಅಂತ ಕಟ್ಕೊಂಡ ಗೋಡೆ ಅವನ್ನ ತಿನ್ನೋ ಅಮೀಬಾನೂ ಕಾಪಾಡತ್ತೆ.

ಹಾಗಂತ ಬ್ಯಾಕ್ಟೀರಿಯಾ ಸುಮ್ಮನೆ ತಿನ್ನಿಸ್ಕೊಂಡು ಕೂತಿರಲ್ಲ. ಈ ವಿಷಯದಲ್ಲಿ ನನಗೆ ತುಂಬಾ ಆಸಕ್ತಿ ಇರೋ ಭಾಗ ಇದೇ, ಸ್ವಲ್ಪ ಉದ್ದ ಆದ್ರೂ ಹೇಳ್ತೀನಿ. ತಿನ್ನೋ ಏಕಕೋಶ ಜೀವಿಗಳನ್ನ ನೀರಿಗೆ ಬಿಟ್ರೆ ಸೂಡೋಮೋನಾಸ್ ಅನ್ನೋ ಬ್ಯಾಕ್ಟೀರಿಯಾ ಒಂಟಿಯಾಗಿರೋದು ಬಿಟ್ಟು ನುಂಗೋಕಾಗದಷ್ಟು ದೊಡ್ಡ ಗುಂಪು ಕಟ್ಕೊಳ್ಳೋದನ್ನ ಪ್ರಯೋಗಗಳಲ್ಲಿ ನೋಡಿದಾರೆ, ಅಂದ್ರೆ ಲೋಳೆ ಕಟ್ಟೋದರ ಹಿಂದೆ ತಿನ್ನೋರಿಂದ ತಪ್ಪಿಸ್ಕೊಳ್ಳೋ ಉದ್ದೇಶಾನೂ ಇದೆ. ಕಾಲರಾ ಬ್ಯಾಕ್ಟೀರಿಯಾದ ಹತ್ರ ಪಕ್ಕದ ಜೀವಕೋಶಕ್ಕೆ ಸೂಜಿ ಚುಚ್ಚಿ ವಿಷ ಬಿಡೋ ಒಂದು ಯಂತ್ರ ಇದೆ, ಆರನೇ ಮಾದರಿಯ ಸ್ರಾವ ವ್ಯವಸ್ಥೆ ಅಂತ ಅದಕ್ಕೆ ಹೆಸರು, 2006ರಲ್ಲಿ ಅದನ್ನ ಗುರುತಿಸಿದ್ದೇ ಡಿಕ್ಟಿಯೋಸ್ಟೀಲಿಯಂ ಅನ್ನೋ ಅಮೀಬಾನ ಅದು ಕೊಲ್ಲತ್ತೆ ಅಂತ ಕಂಡಾಗ. ಮನುಷ್ಯರಿಗೆ ಕಾಯಿಲೆ ತರೋ ಎಷ್ಟೋ ಬ್ಯಾಕ್ಟೀರಿಯಾಗಳ ಆಯುಧಗಳು ಮನುಷ್ಯರಿಗೋಸ್ಕರ ಹುಟ್ಟಿದ್ದಲ್ಲ, ಅಮೀಬಾಗಳ ಜೊತೆ ಕೋಟ್ಯಂತರ ವರ್ಷ ಕಾದಾಡಿ ಕಾದಾಡಿ ಬಂದಿದ್ದು ಅಂತ ನಮ್ಮ ಕ್ಷೇತ್ರದಲ್ಲಿ ಬಹಳ ಜನ ನಂಬ್ತಾರೆ, ನಾನೂ ನಂಬ್ತೀನಿ.

ಇದಕ್ಕೆ ದೊಡ್ಡ ಸಾಕ್ಷಿ ಲೀಜಿಯೋನೆಲ್ಲಾ ಅನ್ನೋ ಬ್ಯಾಕ್ಟೀರಿಯಾ. 1976ರ ಜುಲೈಯಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಲ್ಲಿ ಮಾಜಿ ಸೈನಿಕರ ಸಮಾವೇಶ ನಡೀತು, ಮನೆಗೆ ಹೋದ ಮೇಲೆ ಒಬ್ಬೊಬ್ಬರಾಗಿ ನ್ಯುಮೋನಿಯಾ ಬಂದು ಮಲಗಿದ್ರು, ಮೂವತ್ತರ ಆಸುಪಾಸು ಜನ ತೀರ್ಕೊಂಡ್ರು. ಕಾರಣ ಆದ ಬ್ಯಾಕ್ಟೀರಿಯಾ ಗುರುತಿಸೋಕೇ ತಿಂಗಳುಗಳು ಬೇಕಾದ್ವು. ಆದ್ರೆ ಒಂದು ಒಗಟು ಉಳೀತು, ಲ್ಯಾಬಲ್ಲಿ ಬೆಳೆಸೋಕೆ ಅಷ್ಟೊಂದು ಗೋಳು ಹುಯ್ಕೊಳ್ಳೋ, ಇಂಥದ್ದೇ ಆಹಾರ ಬೇಕು ಅಂತ ಹಟ ಮಾಡೋ ಬ್ಯಾಕ್ಟೀರಿಯಾ ಬರೀ ನಲ್ಲಿ ನೀರಲ್ಲಿ, ಕೂಲಿಂಗ್ ಟವರಲ್ಲಿ ಹೇಗೆ ಬದುಕತ್ತೆ? 1980ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಟಿಮ್ ರೋಬೋಟಮ್ ಉತ್ತರ ಕೊಟ್ರು: ಅದು ಬೆಳೆಯೋದು ಅಮೀಬಾ ಹೊಟ್ಟೆಯೊಳಗೆ. ಲೋಳೆ ಮೇಯೋಕೆ ಬಂದ ಅಮೀಬಾ ಲೀಜಿಯೋನೆಲ್ಲಾನ ನುಂಗತ್ತೆ, ಜೀರ್ಣ ಆಗಬೇಕಾಗಿದ್ದ ಬ್ಯಾಕ್ಟೀರಿಯಾ ಒಳಗಿಂದ ನೂರಾರು ಪ್ರೋಟೀನುಗಳನ್ನ ಅಮೀಬಾ ಮೈಗೆ ಬಿಟ್ಟು ತಾನಿರೋ ಚೀಲವನ್ನ ಜೀರ್ಣಾಂಗದ ಜೊತೆ ಸೇರದ ಹಾಗೆ ನೋಡ್ಕೊಳ್ಳತ್ತೆ, ಅಲ್ಲೇ ಮರಿ ಹಾಕತ್ತೆ, ಕೊನೆಗೆ ಅಮೀಬಾನೇ ಒಡೆದು ಹೊರಗೆ ಬರತ್ತೆ. ನಮ್ಮ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ನುಂಗೋ ಮ್ಯಾಕ್ರೋಫೇಜ್ ಜೀವಕೋಶಗಳೂ ಹೆಚ್ಚುಕಡಿಮೆ ಅಮೀಬಾ ತರಾನೇ ಕೆಲಸ ಮಾಡ್ತವೆ, ಅಲ್ಲಿ ಕಲಿತ ಪಟ್ಟುಗಳೇ ಇಲ್ಲೂ ನಡೆಯತ್ತೆ. ಲೋಳೆಯೊಳಗಿನ ಅಮೀಬಾ ಲೀಜಿಯೋನೆಲ್ಲಾ ಪಾಲಿಗೆ ಗರಡಿಮನೆ ಇದ್ದಂಗೆ. ಅಲ್ಲಿ ಬೆಳೆದು ಬಂದ ಲೀಜಿಯೋನೆಲ್ಲಾ ತಟ್ಟೆಯಲ್ಲಿ ಬೆಳೆಸಿದ್ದಕ್ಕಿಂತ ಆಂಟಿಬಯೋಟಿಕ್ಕನ್ನ ಹೆಚ್ಚು ತಡ್ಕೊಳ್ಳತ್ತೆ, ಜೀವಕೋಶದೊಳಗೆ ನುಗ್ಗೋದ್ರಲ್ಲೂ ಚುರುಕಾಗಿರತ್ತೆ. ಅಷ್ಟೇ ಅಲ್ಲ, ಅಮೀಬಾ ಸಿಸ್ಟ್ ಆದಾಗ ಒಳಗೇ ಸಿಕ್ಕಿಹಾಕ್ಕೊಂಡ ಲೀಜಿಯೋನೆಲ್ಲಾ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಕೊಟ್ರೂ ಬದುಕಿದ್ದನ್ನ 1990ರಲ್ಲೇ ತೋರಿಸಿದಾರೆ. ಬಿಸಿನೀರು ಕಡಿಮೆ ಉಷ್ಣತೆಯಲ್ಲಿ ನಿಂತೇ ಇರೋ ಗೀಸರು, ತಿಂಗಳುಗಟ್ಟಲೆ ಬಳಸದೇ ಇರೋ ಶವರು, ಹೋಟೆಲು ಆಸ್ಪತ್ರೆಗಳ ಕೂಲಿಂಗ್ ಟವರು ಇವೆಲ್ಲ ಇದರ ಜಾಗಗಳು. ಸ್ಟೋರೇಜ್ ಗೀಸರ್ ಇದ್ರೆ 60 ಡಿಗ್ರಿಗೆ ಇಡಿ ಅಂತ ನಾವು ಹೇಳೋದು ಇದಕ್ಕೇ, ಬಕೆಟ್ಟಿಗೆ ತಣ್ಣೀರು ಬೆರೆಸ್ಕೊಂಡು ಸ್ನಾನ ಮಾಡೋಕೆ ಅಡ್ಡಿ ಇಲ್ಲ.

ಇಲ್ಲೊಂದು ಸಣ್ಣ ಮಾತು ಸೇರಿಸ್ತೀನಿ. 1992ರಲ್ಲಿ ಬ್ರಾಡ್‌ಫರ್ಡ್ ಊರಿನ ನ್ಯುಮೋನಿಯಾ ಕಾರಣ ಹುಡುಕ್ತಾ ರೋಬೋಟಮ್ ಅವರಿಗೆ ಕೂಲಿಂಗ್ ಟವರಿನ ಅಮೀಬಾ ಒಳಗೆ ಬ್ಯಾಕ್ಟೀರಿಯಾ ತರ ಕಾಣೋದೇನೋ ಸಿಕ್ಕಿತ್ತು, ಹನ್ನೊಂದು ವರ್ಷ ಆದ್ಮೇಲೆ 2003ರಲ್ಲಿ ಅದು ದೈತ್ಯ ವೈರಸ್ ಅಂತ ಗೊತ್ತಾಯ್ತು, ಅದೇ ಮಿಮಿವೈರಸ್. ಒಂದು ಚೂರು ಲೋಳೆಯೊಳಗೆ ಯಾರ್ಯಾರಿದಾರೆ ಅನ್ನೋದು ಇನ್ನೂ ಪೂರ್ತಿ ಎಣಿಸಿ ಮುಗಿದಿಲ್ಲ.

ಈಗ ನಿಮ್ಮ ಜಲನೇತಿ. ಕೇರಳದಲ್ಲಿ 2024, 2025ರಲ್ಲಿ ಮೆದುಳಿನ ಅಮೀಬಾ ಕಾಯಿಲೆ ಕೇಸುಗಳು ಜಾಸ್ತಿ ಬಂದ್ವು, ಅದರಲ್ಲಿ ಕೆರೆಯಲ್ಲಿ ಈಜದೇ ಮನೆ ಬಾವಿ ನೀರಿಂದಲೇ ಬಂತು ಅನ್ನೋ ಅನುಮಾನದ ಕೇಸುಗಳೂ ಇದ್ವು, ನೆಗ್ಲೇರಿಯಾ ಜೊತೆಗೆ ಅಕಾಂತಮೀಬಾನೂ ಕಾರಣ ಆಗಿತ್ತು, ಸರ್ಕಾರ ಬಾವಿ ಟ್ಯಾಂಕುಗಳಿಗೆಲ್ಲ ಕ್ಲೋರಿನ್ ಹಾಕೋ ಕೆಲಸ ಕೈಗೆತ್ತಿಕೊಳ್ತು. ನೆಗ್ಲೇರಿಯಾ ಇರೋ ನೀರು ಕುಡಿದ್ರೆ ಈ ಕಾಯಿಲೆ ಬರಲ್ಲ, ಇದನ್ನ ದಯವಿಟ್ಟು ಮನೇಲಿ ಎಲ್ಲರಿಗೂ ಹೇಳಿ. ಮೂಗಿನ ಮೇಲ್ಭಾಗಕ್ಕೆ ನೀರು ಹೋದಾಗ ಮಾತ್ರ ಅದು ವಾಸನೆಯ ನರ ಹಿಡ್ಕೊಂಡು ಮೆದುಳಿಗೆ ಹತ್ತತ್ತೆ. ಬಹಳ ಅಪರೂಪದ ಕಾಯಿಲೆ, ಆದ್ರೆ ಬಂದ್ರೆ ಬದುಕೋರು ತೀರಾ ಕಡಿಮೆ, 2024ರಲ್ಲಿ ಕೋಯಿಕ್ಕೋಡಿನಲ್ಲಿ ಚಿಕಿತ್ಸೆ ಪಡೆದ ಹದಿನಾಲ್ಕು ವರ್ಷದ ಒಬ್ಬ ಹುಡುಗ ಉಳಿದಿದ್ದೇ ದೊಡ್ಡ ಸುದ್ದಿ ಆಯ್ತು, ಬೇಗ ಗುರುತಿಸಿ ಮಿಲ್ಟೆಫೊಸಿನ್ ಸೇರಿದಂತೆ ಔಷಧಿ ಶುರು ಮಾಡಿದ್ದು ಅಲ್ಲಿ ಕೆಲಸಕ್ಕೆ ಬಂತು. ಜಲನೇತಿಯಲ್ಲಿ ನೀವು ಮಾಡೋದು ನೀರನ್ನ ಬೇಕಂತಲೇ ಆ ಜಾಗಕ್ಕೆ ಹಾಯಿಸೋದು. 2011ರಲ್ಲಿ ಅಮೆರಿಕದ ಲೂಯಿಸಿಯಾನಾದಲ್ಲಿ ನಲ್ಲಿ ನೀರಲ್ಲೇ ನೇತಿ ಮಾಡಿದ ಇಬ್ಬರು ಇದೇ ಕಾಯಿಲೆಯಿಂದ ತೀರ್ಕೊಂಡ್ರು, ಅವರ ಮನೆ ನಲ್ಲಿ ವ್ಯವಸ್ಥೆಯಲ್ಲೇ ಅಮೀಬಾ ಸಿಕ್ತು.

ನೇತಿ ಬಿಡಿ ಅಂತ ನಾನು ಹೇಳಲ್ಲ, ಎಷ್ಟೋ ಜನಕ್ಕೆ ಸೈನಸ್ ತೊಂದರೆಗೆ ಅದರಿಂದ ನಿಜವಾಗ್ಲೂ ಆರಾಮಾಗತ್ತೆ. ನೀರನ್ನ ಕೊತಕೊತ ಕುದಿ ಬಂದ ಮೇಲೆ ಒಂದೆರಡು ನಿಮಿಷ ಕುದಿಸಿ, ಅದೇ ಪಾತ್ರೇಲಿ ಮುಚ್ಚಿಟ್ಟು ಆರಿಸಿ ಬಳಸಿ. ಉಪ್ಪು ಹಾಕಿದ್ರೆ ಸಾಯತ್ತೆ ಅಂತ ನಂಬ್ಕೋಬೇಡಿ, ನೇತಿಗೆ ಹಾಕೋ ಉಪ್ಪು ಅದಕ್ಕೆ ಸಾಕಾಗಲ್ಲ. ಬಿಸಿನೀರಿನ ನಲ್ಲಿಯಿಂದ ಉಗುರು ಬೆಚ್ಚಗೆ ಹಿಡ್ಕೊಳ್ಳೋದಂತೂ ಬೇಡವೇ ಬೇಡ. ಇನ್ನೊಂದು ವಿಷಯ ಯಾರೂ ಗಮನ ಕೊಡಲ್ಲ, ನೇತಿ ಪಾತ್ರೆಯ ಮೂತಿ. ಅದರೊಳಗೆ ಬೆರಳು ಹೋಗಲ್ಲ, ತಿಕ್ಕೋಕಾಗಲ್ಲ, ಸದಾ ಒದ್ದೆ ಇರತ್ತೆ, ಲೋಳೆ ಕಟ್ಟೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಬಾಟಲಿ ತೊಳೆಯೋ ಸಣ್ಣ ಬ್ರಷ್ ತಗೊಳ್ಳಿ, ಸ್ಟೀಲಿಂದೋ ತಾಮ್ರದ್ದೋ ಆದ್ರೆ ಪಾತ್ರೇನೂ ಕುದಿಯೋ ನೀರಲ್ಲಿ ಹಾಕಿ ತೆಗೀರಿ.

ಮಗಳ ಲೆನ್ಸ್ ವಿಷಯದಲ್ಲಿ ನನಗೆ ನಿಜವಾದ ಕಾಳಜಿ ಇದೆ, ಯಾಕಂದ್ರೆ ಮೆದುಳಿನ ಅಮೀಬಾಗಿಂತ ಕಣ್ಣಿನ ಅಮೀಬಾ ಎಷ್ಟೋ ಪಾಲು ಹೆಚ್ಚು ಕಾಣಸಿಗೋ ಕಾಯಿಲೆ. ಲೆನ್ಸ್ ಇಡೋ ಡಬ್ಬಿ ಒಳಗೆ ಏನು ನಡೆಯತ್ತೆ ನೋಡಿ. ಕೈಯಿಂದ, ನೀರಿಂದ ಬಂದ ಬ್ಯಾಕ್ಟೀರಿಯಾ, ಮುಖ್ಯವಾಗಿ ಸೂಡೋಮೋನಾಸ್ ಜಾತಿ, ಡಬ್ಬಿ ತಳಕ್ಕೆ ಅಂಟಿ ಲೋಳೆ ಕಟ್ಟತ್ತೆ, ಆಮೇಲೆ ಯಾವತ್ತೋ ಒಂದು ದಿನ ನಲ್ಲಿ ನೀರಲ್ಲಿ ಡಬ್ಬಿ ತೊಳೆದಾಗ ಒಂದೆರಡು ಅಮೀಬಾ ಬಂದು ಬಿದ್ರೆ ಅವಕ್ಕೆ ಊಟ ರೆಡಿ ಇರತ್ತೆ. ಡಬ್ಬಿಯಲ್ಲಿ ಬ್ಯಾಕ್ಟೀರಿಯಾ ಇಲ್ಲದಿದ್ರೆ ಅಮೀಬಾ ಬಂದ್ರೂ ಹಸ್ಕೊಂಡು ಕೂರಬೇಕು, ಹಾಗಾಗಿ ಅಮೀಬಾ ಸಿಕ್ಕ ಡಬ್ಬಿಗಳಲ್ಲಿ ಬ್ಯಾಕ್ಟೀರಿಯಾನೂ ಜೊತೇಲೇ ಸಿಗೋದು ವಾಡಿಕೆ. ಲೆನ್ಸ್ ಮೇಲೇನೂ ಬ್ಯಾಕ್ಟೀರಿಯಾ ಲೋಳೆ ಇದ್ರೆ ಅಮೀಬಾ ಬರೀ ಲೆನ್ಸ್‌ಗಿಂತ ಅದಕ್ಕೆ ಚೆನ್ನಾಗಿ ಅಂಟತ್ತೆ. ಅಲ್ಲಿಂದ ಕಾರ್ನಿಯಾಗೆ, ಅಂದ್ರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ, ದಾಟಿದ್ರೆ ಕಣ್ಣು ಕೆಂಪಾಗಿ, ನೋಡೋಕೆ ಅಷ್ಟೇನೂ ಅನ್ನಿಸದಿದ್ರೂ ನೋವು ಮಾತ್ರ ವಿಪರೀತ ಇರತ್ತೆ, ಶುರುವಲ್ಲಿ ಹರ್ಪಿಸ್ ವೈರಸ್ ಅಂತ ತಪ್ಪು ತಿಳ್ಕೊಂಡು ವಾರಗಟ್ಟಲೆ ಕಳೆದುಹೋಗೋದು ಜಾಸ್ತಿ. ಪಾಲಿಹೆಕ್ಸಾನೈಡ್, ಕ್ಲೋರ್‌ಹೆಕ್ಸಿಡಿನ್ ಹನಿಗಳನ್ನ ಮೊದಮೊದಲು ಗಂಟೆಗೊಂದು ಸಲ, ರಾತ್ರಿನೂ ಎಬ್ಬಿಸಿ ಹಾಕಬೇಕಾಗತ್ತೆ, ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯತ್ತೆ, ಯಾಕಂದ್ರೆ ಸಿಸ್ಟ್‌ಗಳು ಬಗ್ಗಲ್ಲ.

ಅದಕ್ಕೇ ಮಗಳಿಗೆ ಹೇಳಿ, ಲೆನ್ಸ್‌ಗೂ ಡಬ್ಬಿಗೂ ನೀರು ಸೋಕಿಸಬಾರದು, ಫಿಲ್ಟರ್ ನೀರೂ ಬೇಡ. ಲೆನ್ಸ್ ಹಾಕ್ಕೊಂಡು ಸ್ನಾನ, ಈಜು ಬೇಡ. ಸೊಲ್ಯೂಷನ್ ದಿನಾ ಪೂರ್ತಿ ಚೆಲ್ಲಿ ಹೊಸದು ಹಾಕಬೇಕು, ಉಳಿದಿದ್ದಕ್ಕೆ ಮೇಲಿಂದ ತುಂಬಿಸೋದು ಬೇಡ. "ನೋ ರಬ್" ಅಂತ ಬರೆದಿದ್ರೂ ಲೆನ್ಸನ್ನ ಅಂಗೈಲಿಟ್ಟು ಸೊಲ್ಯೂಷನ್ ಹಾಕಿ ಬೆರಳಲ್ಲಿ ಉಜ್ಜಬೇಕು, ಲೋಳೆ ಬಿಡಿಸೋದು ಆ ಉಜ್ಜುವಿಕೆನೇ. ಡಬ್ಬಿನ ಸೊಲ್ಯೂಷನ್‌ನಲ್ಲೇ ತೊಳೆದು, ಟಿಶ್ಯೂಲಿ ಒರೆಸಿ, ಬೋರಲು ಹಾಕಿ ಒಣಗಿಸಿ, ಮೂರು ತಿಂಗಳಿಗೊಮ್ಮೆ ಎಸೆದುಬಿಡಿ.

ಆದ್ರೆ ಇದು ಬರೀ ಲೆನ್ಸ್ ಹಾಕೋರ ಕಾಯಿಲೆ ಅಂತ ಓದಿದ್ರೆ ಅದು ಪಾಶ್ಚಾತ್ಯ ದೇಶಗಳ ಚಿತ್ರ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಂಥ ಕಡೆಯಿಂದ ಬಂದ ವರದಿಗಳಲ್ಲಿ ಹೆಚ್ಚಿನ ರೋಗಿಗಳು ಲೆನ್ಸ್ ಕಂಡೇ ಇಲ್ಲದೇ ಇರೋರು, ಹೊಲದಲ್ಲಿ ಕೆಲಸ ಮಾಡುವಾಗ ಕಣ್ಣಿಗೆ ಹುಲ್ಲಿನ ಗರಿ ತಾಗಿರತ್ತೆ, ಮಣ್ಣು ಹಾರಿ ಬಿದ್ದಿರತ್ತೆ, ಪಕ್ಕದ ಕಾಲುವೆ ನೀರಲ್ಲೇ ತೊಳ್ಕೊಂಡಿರ್ತಾರೆ. ನಿಮ್ಮ ಕಡೆ ಗದ್ದೆ ಕೆಲಸದವರು ಇದ್ರೆ, ಕಣ್ಣಿಗೆ ಏನಾದ್ರೂ ಬಿದ್ದಾಗ ಕುಡಿಯೋಕೆ ತಂದ ನೀರಲ್ಲಿ ತೊಳೀರಿ, ನೋವು ಎರಡು ದಿನದಲ್ಲಿ ಇಳೀದಿದ್ರೆ ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಹನಿ ಹಾಕ್ಕೋಬೇಡಿ, ಕಣ್ಣಿನ ಡಾಕ್ಟರ್ ಹತ್ರ ಹೋಗಿ ಅಂತ ಹೇಳಿ.

ಯಜಮಾನ್ರ ಹೊಟ್ಟೆ ಅಮೀಬಾ ಬೇರೇನೇ ಜಾತಿ, ಎಂಟಮೀಬಾ ಹಿಸ್ಟೊಲಿಟಿಕಾ. ಇದು ಟ್ಯಾಂಕಿನ ಲೋಳೆಯಲ್ಲಿ ಬೆಳೆಯಲ್ಲ, ಮನುಷ್ಯರ ದೊಡ್ಡ ಕರುಳಲ್ಲೇ ಬೆಳೆದು ಮಲದ ಜೊತೆ ಸಿಸ್ಟ್ ಆಗಿ ಹೊರಗೆ ಬಂದು ಇನ್ನೊಬ್ಬರ ಬಾಯಿಗೆ ಸೇರತ್ತೆ. ಆದ್ರೆ ಬ್ಯಾಕ್ಟೀರಿಯಾ ಜೊತೆಗಿನ ನಂಟು ಇಲ್ಲೂ ಅಷ್ಟೇ ಗಟ್ಟಿ. 1955ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು, ಹುಟ್ಟಿದಾಗಿಂದ ಒಂದೇ ಒಂದು ಸೂಕ್ಷ್ಮಜೀವಿನೂ ತಾಗದ ಹಾಗೆ ಸಾಕಿದ ಗಿನಿಯಿಲಿಗಳ ಕರುಳಿಗೆ ಈ ಅಮೀಬಾ ಬಿಟ್ರೆ ಹುಣ್ಣೇ ಆಗ್ಲಿಲ್ಲ, ಯಾವುದೋ ಒಂದು ಮಾಮೂಲಿ ಬ್ಯಾಕ್ಟೀರಿಯಾ ಸೇರಿಸಿದ ಮೇಲೆ ಹುಣ್ಣಾಯ್ತು. ಅಂದ್ರೆ ಅಮೀಬಾ ಒಂದೇ ಆಮಶಂಕೆ ತರೋಕಾಗಲ್ಲ, ಕರುಳಿನ ನಿವಾಸಿಗಳ ಸಹವಾಸ ಬೇಕು. ಇತ್ತೀಚೆಗೆ, 2023ರಲ್ಲಿ, ಇಸ್ರೇಲಿನ ಹೈಫಾದ ಟೆಕ್ನಿಯಾನ್ ಸಂಸ್ಥೆಯವರು ಈ ಅಮೀಬಾ ಬ್ಯಾಕ್ಟೀರಿಯಾದ ಬಯೋಫಿಲ್ಮನ್ನೇ ಕರಗಿಸಿ ತಿನ್ನೋದನ್ನ ತೋರಿಸಿದಾರೆ. ಸಿಸ್ಟೀನ್ ಪ್ರೋಟಿಯೇಸ್ ಅನ್ನೋ ಕಿಣ್ವಗಳನ್ನ ಹೊರಗೆ ಬಿಟ್ಟು ಲೋಳೆಯ ಪ್ರೋಟೀನು ಕತ್ತರಿಸಿ ಒಳಗಿನ ಬ್ಯಾಕ್ಟೀರಿಯಾ ತಲುಪತ್ತೆ. ಅದೇ ಜಾತಿ ಕಿಣ್ವಗಳಿಂದಲೇ ಅದು ನಮ್ಮ ಕರುಳಿನ ರಕ್ಷಣಾ ಪದರಾನೂ ಕತ್ತರಿಸೋದು ಅನ್ನೋದು ಗೊತ್ತಿದ್ದೋರಿಗೆ ಈ ಫಲಿತಾಂಶ ಬಹಳ ಅರ್ಥಪೂರ್ಣ ಅನ್ಸತ್ತೆ, ಲೋಳೆ ಕತ್ತರಿಸೋ ಕತ್ತರಿಯೂ ಕರುಳು ಕತ್ತರಿಸೋ ಕತ್ತರಿಯೂ ಒಂದೇ. ಜೊತೆಗೆ, ಬಯೋಫಿಲ್ಮ್ ತಿಂದ ಅಮೀಬಾಗೆ ಆಕ್ಸಿಡೇಟಿವ್ ಒತ್ತಡ, ಅಂದ್ರೆ ನಮ್ಮ ಬಿಳಿ ರಕ್ತಕಣಗಳು ಎರಚೋ ಥರದ ರಾಸಾಯನಿಕಗಳ ಏಟು ತಡ್ಕೊಳ್ಳೋ ಶಕ್ತೀನೂ ಜಾಸ್ತಿ ಆಗಿತ್ತು.

ಮಾತ್ರೆ ವಿಷಯ ನೇರವಾಗಿ ಹೇಳ್ತೀನಿ, ಪದೇ ಪದೇ ಮೆಟ್ರೊನಿಡಜೋಲ್ ನುಂಗೋದು ನಿಲ್ಲಿಸಿ ಮೊದಲು ಸರಿಯಾಗಿ ಪರೀಕ್ಷೆ ಮಾಡಿಸಿ. ಮೈಕ್ರೋಸ್ಕೋಪಲ್ಲಿ ಎಂಟಮೀಬಾ ಹಿಸ್ಟೊಲಿಟಿಕಾ ಥರಾನೇ ಕಾಣೋ ಎಂಟಮೀಬಾ ಡಿಸ್ಪಾರ್ ಅಂತ ಇನ್ನೊಂದಿದೆ, ಅದು ಕಾಯಿಲೆ ತರಲ್ಲ, 1993ರಲ್ಲಿ ಅವೆರಡನ್ನೂ ಬೇರೆ ಬೇರೆ ಅಂತ ವಿಂಗಡಿಸಿದ್ರೂ ನಮ್ಮ ಎಷ್ಟೋ ಲ್ಯಾಬ್ ರಿಪೋರ್ಟಲ್ಲಿ ಸುಮ್ಮನೆ "ಅಮೀಬಿಕ್ ಸಿಸ್ಟ್ ಕಂಡಿದೆ" ಅಂತಾನೇ ಬರತ್ತೆ. ಮಲದ ಆಂಟಿಜೆನ್ ಅಥವಾ ಪಿಸಿಆರ್ ಪರೀಕ್ಷೆ ಕೇಳಿ. ಮಾತ್ರೆ ನುಂಗಿದಾಗ ಹೊಟ್ಟೆ ಹಗುರ ಆಗತ್ತೆ, ಹಾಗಾಗಿ ಅಮೀಬಾನೇ ಇದ್ದಿದ್ದು ಅಂತ ಅವರು ಹೇಳಬಹುದು, ಆದ್ರೆ ಮೆಟ್ರೊನಿಡಜೋಲ್ ಕರುಳಿನ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳನ್ನೂ ಕೊಲ್ಲತ್ತೆ, ಆರಾಮಾಗಿದ್ದು ಅದರಿಂದಲೂ ಇರಬಹುದು, ಪ್ರತಿ ಸಲ ಹಾಗೆ ಮಾಡಿದ್ರೆ ಕರುಳಿನ ಬ್ಯಾಕ್ಟೀರಿಯಾ ಸಮತೋಲನಾನೇ ಕೆಡತ್ತೆ. ನಿಜವಾಗ್ಲೂ ಹಿಸ್ಟೊಲಿಟಿಕಾನೇ ಇದ್ರೆ, ಮೆಟ್ರೊನಿಡಜೋಲ್ ಒಂದರಿಂದಲೇ ಕರುಳಲ್ಲಿ ಉಳಿದಿರೋ ಸಿಸ್ಟ್ ಹೋಗಲ್ಲ, ಆಮೇಲೆ ಡೈಲೊಕ್ಸನೈಡ್ ಥರದ ಇನ್ನೊಂದು ಔಷಧಿ ಕೋರ್ಸ್ ಬೇಕು, ಅದನ್ನ ಡಾಕ್ಟರ್ ಬರೆದು ಕೊಡ್ತಾರೆ.

ಗಿಯಾರ್ಡಿಯಾ ಅನ್ನೋ ಇನ್ನೊಂದು ಏಕಕೋಶ ಕರುಳಿನ ಪರಾವಲಂಬಿ ಬಗ್ಗೆನೂ ಒಂದು ಮಾತು, ಯಾಕಂದ್ರೆ ಅದು ಅಮೀಬಿಯಾಸಿಸ್ ಅಂತ ಕರೆಸ್ಕೊಂಡು ಓಡಾಡೋದೂ ಉಂಟು. ಕಾಸ್ಟರ್ಟನ್ ಇದ್ದ ಅದೇ ಕ್ಯಾಲ್ಗರಿಯಲ್ಲಿ ಆಂಡ್ರೆ ಬುರೆ ಅವರ ತಂಡ, ಆರೋಗ್ಯವಾಗಿರೋ ಜನರ ಕರುಳಿನ ಬ್ಯಾಕ್ಟೀರಿಯಾ ಬಯೋಫಿಲ್ಮನ್ನ ಲ್ಯಾಬಲ್ಲಿ ಬೆಳೆಸಿ ಗಿಯಾರ್ಡಿಯಾ ಜೊತೆ ಇಟ್ಟು ನೋಡ್ತು. ಬಯೋಫಿಲ್ಮ್ ಸ್ವರೂಪಾನೇ ಕೆಟ್ಟು ಒಳಗಿದ್ದ ಬ್ಯಾಕ್ಟೀರಿಯಾ ಚದುರಿ ಹೊರಗೆ ಬಂದ್ವು, ಹಾಗೆ ಬದಲಾದ ಬ್ಯಾಕ್ಟೀರಿಯಾ ಗುಂಪು, ಗಿಯಾರ್ಡಿಯಾ ಇಲ್ಲದಿದ್ರೂ, ಕರುಳಿನ ಜೀವಕೋಶಗಳಿಗೆ ತಾನೇ ಹಾನಿ ಮಾಡ್ತು. ಇಷ್ಟು ದಿನ ನಿರುಪದ್ರವಿಯಾಗಿದ್ದ ಬ್ಯಾಕ್ಟೀರಿಯಾಗಳೇ ಅವು. ನಾರ್ವೆಯ ಬರ್ಗನ್ ಊರಲ್ಲಿ 2004ರಲ್ಲಿ ಕುಡಿಯೋ ನೀರಿಂದ ಗಿಯಾರ್ಡಿಯಾ ಹಬ್ಬಿತ್ತು, ಮೂರು ವರ್ಷ ಆದ್ಮೇಲೂ ಸೋಂಕು ತಗುಲಿದ್ದೋರಲ್ಲಿ ಶೇಕಡ 46ರಷ್ಟು ಜನರಿಗೆ ಐಬಿಎಸ್, ಅಂದ್ರೆ ಕರುಳು ಸೂಕ್ಷ್ಮ ಆಗಿ ಪದೇ ಪದೇ ಹೊಟ್ಟೆ ಕೆಡೋ ಥರದ ತೊಂದರೆ ಇತ್ತು, ಸೋಂಕಾಗದೇ ಇದ್ದೋರಲ್ಲಿ ಶೇಕಡ 14. ಪರಾವಲಂಬಿ ಹೋದ್ಮೇಲೂ ಹೊಟ್ಟೆ ಸರಿ ಹೋಗದೇ ಇರೋದಕ್ಕೆ ಈ ಕೆಟ್ಟ ಬಯೋಫಿಲ್ಮ್ ಒಂದು ಕಾರಣ ಇರಬಹುದು ಅನ್ನೋದು ಬುರೆ ತಂಡದ ವಾದ, ನನಗೂ ಅದು ಸರಿ ಅನ್ಸತ್ತೆ. ನಿಮ್ಮ ಯಜಮಾನ್ರಂಥವರ ಎಷ್ಟೋ "ಹಳೇ ಅಮೀಬಿಯಾಸಿಸ್" ಇಂಥ ಐಬಿಎಸ್ಸೇ ಆಗಿರೋ ಸಾಧ್ಯತೆ ಜಾಸ್ತಿ, ಅದಕ್ಕೆ ಚಿಕಿತ್ಸೆ ಬೇರೇನೇ.

ಇನ್ನು ಟ್ಯಾಂಕ್. ನೀರು ಪೂರ್ತಿ ಖಾಲಿ ಮಾಡಿ, ಗಟ್ಟಿ ಬ್ರಷ್ಷಲ್ಲಿ ಗೋಡೆ, ಮೂಲೆ, ಮುಚ್ಚಳದ ಒಳಭಾಗ, ಫ್ಲೋಟ್ ಬಾಲು, ಔಟ್‌ಲೆಟ್ ಬಾಯಿ ಎಲ್ಲಾ ತಿಕ್ಕಬೇಕು, ಕೈಗೆ ಜಾರೋದು ನಿಲ್ಲೋ ತನಕ. ತಳದ ಗಸಿನ ಪೈಪಲ್ಲಿ ಮನೆಯೊಳಗೆ ಬಿಡದೇ ಹೊರಗೆ ಎತ್ತಿ ಹಾಕಿಸಿ. ಎರಡು ಸಲ ತೊಳೆದು ತೆಗೆದ ಮೇಲೆ ಟ್ಯಾಂಕ್ ತುಂಬಿಸ್ಕೊಂಡು ಸಾವಿರ ಲೀಟರಿಗೆ ಸುಮಾರು 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನ ಬಕೆಟ್ಟಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಿ, ಅದು ಲೀಟರಿಗೆ 50 ಮಿಲಿಗ್ರಾಂ ಆಸುಪಾಸು ಕ್ಲೋರಿನ್ ಆಗತ್ತೆ. ಎಲ್ಲಾ ನಲ್ಲಿ ಒಂದೊಂದ್ಸಲ ತಿರುಗಿಸಿ ವಾಸನೆ ಬರೋವರೆಗೂ ಬಿಟ್ಟು ಮುಚ್ಚಿ, ಯಾಕಂದ್ರೆ ಪೈಪಿನೊಳಗಿನ ಲೋಳೆಗೆ ಬ್ರಷ್ ಹೋಗಲ್ಲ, ಅಲ್ಲಿಗೆ ಸಿಗೋದು ಇದೊಂದೇ. ರಾತ್ರಿ ಪೂರ್ತಿ ಹಾಗೇ ಇಟ್ಟು ಬೆಳಗ್ಗೆ ಆ ನೀರೆಲ್ಲ ಚೆಲ್ಲಿಬಿಡಿ, ಕುಡಿಯೋಕೆ ಗಿಡಕ್ಕೆ ಬಳಸಬೇಡಿ. ಆಮೇಲೆ ದಿನನಿತ್ಯದ ನೀರಿಗೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಸಾಕು, ಹಾಕಿ ಒಂದು ಗಂಟೆ ಬಿಟ್ಟು ಬಳಸಿ. ಪೌಡರ್ ಪೊಟ್ಟಣ ಬಿಚ್ಚಿ ತಿಂಗಳುಗಟ್ಟಲೆ ಇಟ್ಟಿದ್ರೆ ಕ್ಲೋರಿನ್ ಹಾರಿಹೋಗಿರತ್ತೆ.

ಎರಡು ಎಚ್ಚರಿಕೆ ತಪ್ಪದೇ ಪಾಲಿಸಿ. ಬ್ಲೀಚಿಂಗ್ ಪೌಡರ್ ಜೊತೆ ಆಸಿಡ್, ಟಾಯ್ಲೆಟ್ ಕ್ಲೀನರ್ ಯಾವತ್ತೂ ಸೇರಿಸಬೇಡಿ, ವಿಷಗಾಳಿ ಬರತ್ತೆ. ನೆಲದ ಸಂಪಿಗೆ ಒಬ್ಬರೇ ಇಳಿಯೋಕೆ ಬಿಡಬೇಡಿ, ಮುಚ್ಚಳ ತೆಗೆದು ಗಾಳಿ ಆಡೋಕೆ ಬಿಟ್ಟು, ಮೇಲೊಬ್ಬರು ನಿಂತಿರಬೇಕು, ಸಂಪು ತೊಳೆಯೋಕೆ ಹೋಗಿ ಉಸಿರುಗಟ್ಟಿ ಸತ್ತೋರ ಸುದ್ದಿ ನಮ್ಮಲ್ಲಿ ಪ್ರತಿ ವರ್ಷ ಬರತ್ತೆ. ಟ್ಯಾಂಕಿಗೆ ಬೆಳಕು ಹೋಗದಂಗೆ ಮುಚ್ಚಳ ಬಿಗಿಯಾಗಿ ಕೂರ್ಸಿ, ಆರು ತಿಂಗಳಿಗೊಮ್ಮೆ, ಬೇಸಿಗೆ ಶುರುವಾಗೋ ಮುಂಚೆ ಒಂದು ಸಲ ಅಂತೂ ಖಂಡಿತ, ಮತ್ತೆ ತಿಕ್ಕಿಸಿ.